ಹುಣ್ಣಿಮೆ ನೋಡಿ ಕಥೆ ಶುರು ಮಾಡಿ: ಯುದ್ಧಕಾಲದ ಗೂಢಚಾರಿಣಿಯ ಪತ್ತೇದಾರಿ ಸರಣಿ ಬರೆಯುವ ಬಗೆ

ನನ್ನ ಮೊದಲ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ನಾಯಕಿ ಫ್ರಾನ್ಸಿನ ಒಂದು ಹೊಲದಲ್ಲಿ ವಿಮಾನದಿಂದ ಇಳಿಯುತ್ತಾಳೆ. ತಾರೀಕು 1943ರ ಜುಲೈ 2. ಆ ದೃಶ್ಯವನ್ನು ಎಷ್ಟು ಸಲ ತಿದ್ದಿದ್ದೆನೋ ಲೆಕ್ಕವಿಲ್ಲ. ಒದ್ದೆ ಹುಲ್ಲು, ಎಂಜಿನ್ನಿನ ಬಿಸಿ ವಾಸನೆ, ದೂರದ ಮನೆಯ ನಾಯಿ, ಎಲ್ಲ ಇತ್ತು. ಪುಸ್ತಕ ಬಂದ ಎರಡು ತಿಂಗಳಿಗೆ ಓದುಗರೊಬ್ಬರ ಕಾರ್ಡು ಬಂತು. ಅದರಲ್ಲಿ ಒಂದೇ ಸಾಲು: "ಅಂದು ಅಮಾವಾಸ್ಯೆ, ಪೈಲಟ್‌ಗೆ ಹೊಲ ಕಂಡಿದ್ದು ಹೇಗೆ?"

ಅವರು ಕೇಳಿದ್ದು ಸರಿ. ಗೂಢಚಾರರನ್ನು ಫ್ರಾನ್ಸಿಗೆ ಬಿಟ್ಟು ಬರುತ್ತಿದ್ದ ಲೈಸಾಂಡರ್ ವಿಮಾನದ ಪೈಲಟ್ ಒಬ್ಬನೇ ಇರುತ್ತಿದ್ದ. ಹಾರಿಸುವವನೂ ಅವನೇ, ದಾರಿ ಹುಡುಕುವವನೂ ಅವನೇ. ಬೆಳದಿಂಗಳಲ್ಲಿ ಹೊಳೆಯುವ ನದಿ, ರೈಲು ಹಳಿ, ಕಾಡಿನ ಅಂಚು ನೋಡಿಕೊಂಡೇ ಹೋಗಬೇಕು. ಅದಕ್ಕೇ ಈ ಹಾರಾಟಗಳು ಹುಣ್ಣಿಮೆಯ ಹಿಂದೆ ಒಂದು ವಾರ, ಮುಂದೆ ಒಂದು ವಾರ ಅಷ್ಟೇ ನಡೆಯುತ್ತಿದ್ದವು. ನನ್ನ ಇಡೀ ಅಧ್ಯಾಯ ನಡೆಯಲು ಸಾಧ್ಯವೇ ಇಲ್ಲದ ರಾತ್ರಿಯಲ್ಲಿ ನಡೆದಿತ್ತು. ಆ ಕಾರ್ಡನ್ನು ಈಗಲೂ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ. ಆಮೇಲೆ ಬರೆದ ಮೂರು ಪುಸ್ತಕಗಳನ್ನೂ ಅದನ್ನು ನೋಡುತ್ತಲೇ ಬರೆದೆ.

ಎರಡನೇ ಮಹಾಯುದ್ಧದ ಬ್ರಿಟನ್ ಮತ್ತು ಫ್ರಾನ್ಸಿನಲ್ಲಿ ನಡೆಯುವ ಪತ್ತೇದಾರಿ ಸರಣಿಯನ್ನು ಕನ್ನಡದಲ್ಲಿ ಬರೆಯಬೇಕು ಅಂತ ಆಸೆ ಇರುವವರಿಗೆ ನಾನು ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ: ನಾಯಕಿಯ ಕೆಲಸದ ಸಣ್ಣ ಸಣ್ಣ ನಿಯಮಗಳೇ ನಿಮ್ಮ ಸುಳಿವುಗಳು. ಅವನ್ನು ಚೆನ್ನಾಗಿ ಕಲಿತರೆ ರಹಸ್ಯ ತಾನಾಗಿ ಹುಟ್ಟುತ್ತದೆ.

ಮೊದಲು ಕ್ಯಾಲೆಂಡರ್, ಆಮೇಲೆ ನಾಯಕಿ

1939ರ ಸೆಪ್ಟೆಂಬರ್‌ನಿಂದ 1945ರ ಮೇ ತನಕ ತಿಂಗಳಿಗೊಂದು ಹಾಳೆ ಮಾಡಿಕೊಳ್ಳಿ. ಪ್ರತಿ ಹಾಳೆಯಲ್ಲೂ ಮೊದಲು ಹುಣ್ಣಿಮೆ, ಅಮಾವಾಸ್ಯೆ ಗುರುತು ಹಾಕಿ. ಹಳೆಯ ವರ್ಷಗಳ ಚಂದ್ರನ ಲೆಕ್ಕ ಈಗ ಸುಲಭವಾಗಿ ಸಿಗುತ್ತದೆ. 1943ರ ಜೂನ್ 18 ಹುಣ್ಣಿಮೆ. ಬ್ರಿಟನ್ ಕಳುಹಿಸಿದ ಗೂಢಚಾರಿಣಿ ನೂರ್ ಇನಾಯತ್ ಖಾನ್ ಲೈಸಾಂಡರ್‌ನಲ್ಲಿ ಫ್ರಾನ್ಸಿಗೆ ಹೋದದ್ದು ಜೂನ್ 16ರ ರಾತ್ರಿ. ಅಂಥವರೇ ಇನ್ನಿಬ್ಬರು, ಆಂದ್ರೇ ಬೊರೆಲ್ ಮತ್ತು ಲೀಸ್ ದ ಬೇಸಾಕ್, ಪ್ಯಾರಾಶೂಟ್‌ನಲ್ಲಿ ಇಳಿದದ್ದು 1942ರ ಸೆಪ್ಟೆಂಬರ್ 24ರ ರಾತ್ರಿ. ಅದೂ ಹುಣ್ಣಿಮೆಯ ಆಸುಪಾಸಿನಲ್ಲೇ.

ಚಂದ್ರ ನಿಮಗೆ ಇನ್ನೊಂದು ಉಪಕಾರವನ್ನೂ ಮಾಡುತ್ತಾನೆ. ಮೋಡ ಕವಿದು ವಿಮಾನ ಬರಲಿಲ್ಲ ಅಂದ್ಕೊಳ್ಳಿ. ಹುಣ್ಣಿಮೆಯ ದಿನಗಳು ಮುಗಿದರೆ ಮತ್ತೆ ಎರಡು ವಾರ ಕಾಯಬೇಕು. ಅಷ್ಟು ದಿನ ಒಬ್ಬ ಗಾಯಾಳುವನ್ನೋ, ಒಬ್ಬ ಅನುಮಾನದ ಮನುಷ್ಯನನ್ನೋ ಹೊಲದ ಮನೆಯೊಂದರಲ್ಲಿ ಬಚ್ಚಿಡಬೇಕು. ಹೊರಗೆ ಹೋಗುವ ಹಾಗಿಲ್ಲ, ಬಂದವರೆಲ್ಲ ಒಂದೇ ಸೂರಿನಡಿ. ಪತ್ತೇದಾರಿ ಕಥೆಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ನನ್ನ ಎರಡನೇ ಪುಸ್ತಕ ಪೂರ್ತಿ ಅಂಥ ಎರಡು ವಾರಗಳಲ್ಲೇ ನಡೆಯುತ್ತದೆ.

ಆಮೇಲೆ ಅದೇ ಹಾಳೆಗಳ ಮೇಲೆ ಊರಿನ ಬದುಕನ್ನು ಬದಲಿಸಿದ ತಾರೀಕುಗಳನ್ನು ಬರೆಯಿರಿ. ಲಂಡನ್ ಮೇಲೆ ಬಾಂಬಿನ ಮಳೆ ಶುರುವಾದದ್ದು 1940ರ ಸೆಪ್ಟೆಂಬರ್ 7. ಬ್ರಿಟನ್‌ನಲ್ಲಿ ಬೆಣ್ಣೆ, ಸಕ್ಕರೆ, ಬೇಕನ್‌ಗೆ ರೇಷನ್ ಬಂದದ್ದು ಅದೇ ವರ್ಷದ ಜನವರಿಯಲ್ಲಿ. ಬಟ್ಟೆಗೆ ಕೂಪನ್ ಬಂದದ್ದು 1941ರ ಜೂನ್ 1ಕ್ಕೆ, ಮೊದಲ ವರ್ಷಕ್ಕೆ ಒಬ್ಬರಿಗೆ 66 ಕೂಪನ್. ಹಾಗಾಗಿ 1942ರಲ್ಲಿ ಒಬ್ಬ ಟೈಪಿಸ್ಟ್ ಹುಡುಗಿ ಹೊಸ ಕೋಟು, ಹೊಸ ಬೂಟು ಹಾಕಿಕೊಂಡು ಬಂದರೆ ಅದೇ ಒಂದು ಸುಳಿವು. ಫ್ರಾನ್ಸಿನ ಕಡೆ, ಜರ್ಮನಿಗೆ ಸೋತು ಸಹಿ ಹಾಕಿದ 1940ರ ಜೂನ್ 22ರ ಕದನವಿರಾಮ ಬರೆಯಿರಿ. ದಕ್ಷಿಣ ಭಾಗಕ್ಕೂ ಜರ್ಮನ್ ಸೈನ್ಯ ನುಗ್ಗಿದ 1942ರ ನವೆಂಬರ್ 11 ಬರೆಯಿರಿ. 1940ರಲ್ಲಿ ಜರ್ಮನ್ನರು ಪ್ಯಾರಿಸ್ಸಿನ ಗಡಿಯಾರಗಳನ್ನು ಒಂದು ಗಂಟೆ ಮುಂದೆ ತಿರುಗಿಸಿದರು. ಜರ್ಮನ್ನರು ಹಿಡಿದ ಭಾಗವನ್ನೂ ದಕ್ಷಿಣವನ್ನೂ ಬೇರೆ ಮಾಡುವ ಗಡಿರೇಖೆಯ ಆ ಕಡೆ ಆಗ ಹಳೆಯ ಸಮಯವೇ ನಡೆಯುತ್ತಿತ್ತು. ನಾನು ಆ ಹೊತ್ತಿಗೆ ಅಲ್ಲಿರಲಿಲ್ಲ ಅಂತ ಒಬ್ಬ ಹೇಳಿದರೆ, ಯಾವ ಗಡಿಯಾರದ ಹೊತ್ತು ಅಂತ ನಿಮ್ಮ ನಾಯಕಿ ಕೇಳಬಹುದು.

ಹಾಳೆಗಳು ತಯಾರಾದ ಮೇಲೆ ಅವೇ ನಿಮಗೆ 'ಇದು ಆಗದು' ಅಂತ ಹೇಳಲು ಶುರು ಮಾಡುತ್ತವೆ. ಬ್ರಿಟನ್‌ನಲ್ಲಿ ತರಬೇತಿ ಪಡೆದ ಹೆಂಗಸರನ್ನು ಫ್ರಾನ್ಸಿಗೆ ಕಳುಹಿಸತೊಡಗಿದ್ದು 1942ರಲ್ಲಿ. ಅದಕ್ಕೂ ಮುಂಚೆ ನಿಮ್ಮ ನಾಯಕಿ ಅಲ್ಲಿರಬೇಕಾದರೆ ಬೇರೆ ದಾರಿ ಬೇಕು. ಬ್ರಿಟನ್ನಿನ ಪರ ಗೂಢಚಾರಿಣಿಯಾಗಿದ್ದ ವರ್ಜೀನಿಯಾ ಹಾಲ್ 1941ರ ಆಗಸ್ಟ್‌ನಲ್ಲೇ ಹೋದರು. ಹೇಗೆ? ಅವರು ಅಮೆರಿಕನ್, ಆಗ ಅಮೆರಿಕ ಯುದ್ಧಕ್ಕೆ ಇಳಿದಿರಲಿಲ್ಲ, ಪತ್ರಕರ್ತೆ ಅಂತ ಹೇಳಿಕೊಂಡು ರಾಜಾರೋಷವಾಗಿ ಹೋದರು. ಒಂದು ಕಾಲು ಮರದ್ದು. ಆ ಕಾಲಿಗೆ ಕತ್‌ಬರ್ಟ್ ಅಂತ ಹೆಸರಿಟ್ಟಿದ್ದರು. ಅದೇ ಕಾಲಿನಲ್ಲಿ 1942ರ ನವೆಂಬರ್‌ನ ಚಳಿಯಲ್ಲಿ ಪಿರೆನೀಸ್ ಬೆಟ್ಟ ದಾಟಿದರು.

ನಾಯಕಿಗೆ ಯಾವ ಕೆಲಸ ಕೊಡುತ್ತೀರಿ?

ಸುಮ್ನೆ 'ಗೂಢಚಾರಿಣಿ' ಅಂದರೆ ಸಾಲದು. 1940ರ ಜುಲೈನಲ್ಲಿ ಹುಟ್ಟಿದ ಬ್ರಿಟನ್ನಿನ ಗುಪ್ತ ಸಂಸ್ಥೆ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್, ಅಂದರೆ ಎಸ್‌ಓಇ, ಲಂಡನ್ನಿನ 64 ಬೇಕರ್ ಸ್ಟ್ರೀಟ್‌ನಿಂದ ಕೆಲಸ ಮಾಡುತ್ತಿತ್ತು. ಅದರ ಫ್ರಾನ್ಸ್ ವಿಭಾಗಕ್ಕೆ ಮಾರಿಸ್ ಬಕ್‌ಮಾಸ್ಟರ್ ಮುಖ್ಯಸ್ಥರು, ಅವರ ಬಲಗೈ ವೀರಾ ಆಟ್ಕಿನ್ಸ್. ಆ ವಿಭಾಗ ಫ್ರಾನ್ಸಿಗೆ ಕಳುಹಿಸಿದ ಹೆಂಗಸರು 39 ಜನ. ಅಲ್ಲಿ ಒಂದೊಂದು ಜಾಲದಲ್ಲೂ ಮುಖ್ಯವಾಗಿ ಮೂರು ಕೆಲಸ: ಜಾಲವನ್ನು ನಡೆಸುವವರು, ಸುದ್ದಿ ಸಾಗಿಸುವವರು, ವೈರ್‌ಲೆಸ್‌ನಲ್ಲಿ ಟಕಟಕ ಬಡಿದು ಲಂಡನ್‌ಗೆ ಸಂದೇಶ ಕಳುಹಿಸುವವರು.

ಮೊದಲ ಪುಸ್ತಕಕ್ಕೆ ಸುದ್ದಿ ಸಾಗಿಸುವ ಕೆಲಸವೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಕಾರಣ ಸರಳ. ಪತ್ತೇದಾರಿಣಿ ಎಲ್ಲರ ಮನೆಗೂ ಹೋಗಬೇಕು, ಎಲ್ಲರ ಹತ್ತಿರವೂ ಮಾತಾಡಬೇಕು. ಸುದ್ದಿ ಸಾಗಿಸುವವಳಿಗೆ ಅದೇ ಕೆಲಸ. ಹೆಂಗಸರನ್ನು ಈ ಕೆಲಸಕ್ಕೆ ಆರಿಸಿದ್ದಕ್ಕೂ ಕಾರಣವಿದೆ. 1943ರ ಫೆಬ್ರವರಿಯಿಂದ ಫ್ರಾನ್ಸಿನ ಯುವಕರನ್ನು ಕಡ್ಡಾಯವಾಗಿ ಜರ್ಮನಿಗೆ ಕೆಲಸಕ್ಕೆ ಅಟ್ಟುತ್ತಿದ್ದರು. ಹಗಲಲ್ಲಿ ಸುಮ್ನೆ ತಿರುಗುವ ಹುಡುಗ ಕಂಡರೆ ಪೊಲೀಸರು ಹಿಡಿದು ಕಾಗದ ಕೇಳುತ್ತಿದ್ದರು. ಸೈಕಲ್ಲಿನ ಬುಟ್ಟಿಯಲ್ಲಿ ಟರ್ನಿಪ್ ಗೆಡ್ಡೆ ಇಟ್ಟುಕೊಂಡು ಹೋಗುವ ಹೆಂಗಸನ್ನು ಅಷ್ಟಾಗಿ ಯಾರೂ ನಿಲ್ಲಿಸುತ್ತಿರಲಿಲ್ಲ. ಎಸ್‌ಓಇಯ ನ್ಯಾನ್ಸಿ ವೇಕ್ ಮೂರು ದಿನದಲ್ಲಿ ಸುಮಾರು 500 ಕಿಲೋಮೀಟರ್ ಸೈಕಲ್ ತುಳಿದು, ನಾಶವಾದ ಸಂಕೇತಗಳ ಬದಲಿಗೆ ಹೊಸದನ್ನು ತರಿಸುವ ಏರ್ಪಾಡು ಮಾಡಿ ಬಂದರು. ನಾಯಕಿಯ ಕಾಲು ನೋಯುವುದನ್ನು ಬರೆಯಲು ಮರೆಯಬೇಡಿ.

ಬ್ರಿಟನ್‌ನಲ್ಲೇ ಇರುವ ನಾಯಕಿ ಬೇಕಾ? ಶತ್ರುವಿನ ಸಂಕೇತ ಸಂದೇಶಗಳನ್ನು ಬಿಡಿಸುತ್ತಿದ್ದ ಬ್ಲೆಚ್ಲಿ ಪಾರ್ಕ್ ಇದೆ. ಅಲ್ಲಿ ದುಡಿದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಅಲ್ಲಿನ ಕಷ್ಟವೇ ಬೇರೆ. ಪಕ್ಕದ ಗುಡಿಸಲಿನಲ್ಲಿ ಏನು ನಡೆಯುತ್ತದೆ ಅಂತ ಕೇಳುವುದೇ ತಪ್ಪು. ಪ್ರಶ್ನೆ ಕೇಳಬಾರದ ಜಾಗದಲ್ಲಿ ಪತ್ತೇದಾರಿ ಮಾಡುವುದು ಹೇಗೆ? ಇದನ್ನು ಬರೆಯಬಲ್ಲವರು ಬರೆಯಲಿ ಅಂತ ನನಗೆ ನಿಜವಾಗಿ ಆಸೆ ಇದೆ. ನಾನು ಎರಡು ಸಲ ಕೈ ಹಾಕಿ, ಮಾತುಕತೆಯೇ ನಡೆಯದೆ ಬಿಟ್ಟೆ.

ತರಬೇತಿಯನ್ನು ಜಾಸ್ತಿ ಎಳೆಯಬೇಡಿ. ಗಿಲ್ಡ್‌ಫರ್ಡ್ ಹತ್ತಿರದ ವಾನ್‌ಬರೋ ಮ್ಯಾನರ್, ಸ್ಕಾಟ್ಲೆಂಡಿನ ಅರಿಸೈಗ್, ಪ್ಯಾರಾಶೂಟ್‌ಗೆ ರಿಂಗ್‌ವೇ, ಕೊನೆಗೆ ನ್ಯೂ ಫಾರೆಸ್ಟಿನ ಬ್ಯೂಲಿ. ಇವುಗಳಲ್ಲಿ ಬ್ಯೂಲಿ ಮಾತ್ರ ಪತ್ತೇದಾರಿ ಕಥೆಗೆ ಚಿನ್ನ. ಸುಳ್ಳು ಬದುಕನ್ನು ಬದುಕುವುದನ್ನು ಕಲಿಸುತ್ತಿದ್ದದ್ದು ಅಲ್ಲಿ. ನಡುರಾತ್ರಿ ಜರ್ಮನ್ ಸಮವಸ್ತ್ರದವರು ಎಬ್ಬಿಸಿ ವಿಚಾರಣೆ ಮಾಡುತ್ತಿದ್ದರು. ಉಳಿದದ್ದಕ್ಕೆ ಎರಡು ಪುಟ ಸಾಕು.

ಒಂದು ಸಾವನ್ನು ಯಾರು ವಿಚಾರಿಸುತ್ತಾರೆ?

ಇದು ನಿಮ್ಮ ಸರಣಿಯ ಅತಿ ದೊಡ್ಡ ಪ್ರಶ್ನೆ. ಸುತ್ತ ಸಾವಿರಾರು ಜನ ಸಾಯುತ್ತಿರುವಾಗ ಒಬ್ಬ ಗುಮಾಸ್ತನ ಕೊಲೆಯ ಹಿಂದೆ ನಿಮ್ಮ ನಾಯಕಿ ಏಕೆ ಬೀಳುತ್ತಾಳೆ? ನ್ಯಾಯದ ಆಸೆ ಅನ್ನುವ ಉತ್ತರ ಸಾಲದು. ಅವಳಿಗೆ ಹೊತ್ತಿಲ್ಲ, ಅಧಿಕಾರವಿಲ್ಲ, ಪೊಲೀಸರ ಹತ್ತಿರ ಹೋಗುವ ಹಾಗಿಲ್ಲ.

ನಾನು ಕಂಡುಕೊಂಡ ಉತ್ತರ ಇದು: ಈ ಸಾವಿನ ಗುಟ್ಟು ಗೊತ್ತಾಗದಿದ್ದರೆ ಮುಂದಿನ ಹುಣ್ಣಿಮೆಗೆ ಇಳಿಯುವವರು ನೇರ ಶತ್ರುವಿನ ಕೈಗೆ ಇಳಿಯುತ್ತಾರೆ. ಕೊಲೆಗಾರ ಯಾರು ಅನ್ನುವುದೂ ನಮ್ಮೊಳಗಿನ ದ್ರೋಹಿ ಯಾರು ಅನ್ನುವುದೂ ಒಂದೇ ಪ್ರಶ್ನೆಯಾಗಬೇಕು. ಆಗ ಓದುಗರು 'ಇವಳಿಗೇಕೆ ಬೇಕಿತ್ತು' ಅಂತ ಕೇಳುವುದಿಲ್ಲ.

ಇದು ಕಲ್ಪನೆಯೇನಲ್ಲ. 1944ರ ಫೆಬ್ರವರಿ ಕೊನೆಯಲ್ಲಿ ಎಸ್‌ಓಇಯ ಮ್ಯಾಡ್ಲೀನ್ ಡಾಮರ್ಮೆಂಟ್ ಮತ್ತು ಜೊತೆಗಾರರು ಪ್ಯಾರಾಶೂಟ್‌ನಲ್ಲಿ ಇಳಿದಾಗ ಹೊಲದಲ್ಲಿ ಕಾದಿದ್ದವರು ಜರ್ಮನ್ನರು. ಹಿಡಿದ ವೈರ್‌ಲೆಸ್ ಸೆಟ್ಟುಗಳಿಂದ ಅವರೇ ಲಂಡನ್‌ಗೆ ಸಂದೇಶ ಕಳುಹಿಸುತ್ತಿದ್ದರು. ಲಂಡನ್ ಅದನ್ನು ನಂಬಿತ್ತು.

ಈಗ ವೈರ್‌ಲೆಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನನ್ನ ಪ್ರಕಾರ ಈ ಬಗೆಯ ಕಥೆಯ ಜೀವ ಇರುವುದೇ ಅಲ್ಲಿ.

ಸೆಟ್ಟು ಒಂದು ಸಾಧಾರಣ ಸೂಟ್‌ಕೇಸ್‌ನಲ್ಲಿ ಕೂರುತ್ತಿತ್ತು. ತೂಕ ಸುಮಾರು 15 ಕಿಲೋ. ಹಗುರವಾಗಿದೆ ಅನ್ನುವ ಹಾಗೆ ಹಿಡಿದು ನಡೆಯಬೇಕು, ಅದೇ ಒಂದು ನಟನೆ. ಉದ್ದದ ಏರಿಯಲ್ ತಂತಿಯನ್ನು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಎಳೆಯಬೇಕು. ಜಾಸ್ತಿ ಹೊತ್ತು ಬಡಿದರೆ ದಿಕ್ಕು ಹಿಡಿಯುವ ವ್ಯಾನುಗಳು ಹತ್ತಿರ ಬರುತ್ತವೆ. 1943ರಲ್ಲಿ ಪ್ಯಾರಿಸ್ಸಿನ ಆಪರೇಟರ್ ಒಬ್ಬರು ಆರು ವಾರ ಉಳಿದರೆ ಹೆಚ್ಚು ಅನ್ನುವ ಮಾತಿತ್ತು.

ಮೊದಮೊದಲು ಸಂಕೇತಕ್ಕೆ ಆಧಾರ ಒಂದು ಪದ್ಯ. ಬಾಯಿಪಾಠ ಮಾಡಿದ ಪದ್ಯದಿಂದ ಐದು ಪದ ಆರಿಸಿ, ಅದರ ಅಕ್ಷರಗಳಿಗೆ ಸಂಖ್ಯೆ ಕೊಟ್ಟು, ಸಂದೇಶದ ಅಕ್ಷರಗಳನ್ನು ಕಲಸಬೇಕು. ಕಾಗದದ ಮೇಲೆ ಏನೂ ಇರುವುದಿಲ್ಲ, ಅದು ಅನುಕೂಲ. ಆದರೆ ಹೊಡೆದು ಬಡಿದು ಪದ್ಯ ಬಾಯಿ ಬಿಡಿಸಿದರೆ ಹಿಂದಿನ ಸಂದೇಶಗಳೂ ಬಯಲು. ಸಂಕೇತ ವಿಭಾಗದ ಲಿಯೋ ಮಾರ್ಕ್ಸ್ ಇದನ್ನು ಬದಲಿಸಲು ಹೋರಾಡಿದರು. ಸಂಕೇತದ ಕೀಲಿಗಳನ್ನು ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿಸಿದರು. ಬಟ್ಟೆಯ ಒಳಪದರದಲ್ಲಿ ಹೊಲಿದರೆ ತಡಕಿದರೂ ಸದ್ದಾಗುವುದಿಲ್ಲ. ಒಂದು ಸಾಲು ಬಳಸಿದ ಮೇಲೆ ಕತ್ತರಿಸಿ ಸುಟ್ಟುಬಿಡಬೇಕು. ಈಗ ನೀವೇ ಯೋಚಿಸಿ. ಸತ್ತವಳ ಕೋಟಿನ ಒಳಪದರದಲ್ಲಿ ರೇಷ್ಮೆ ಸಿಕ್ಕಿದೆ. ಅದರಲ್ಲಿ ಲಂಡನ್‌ಗೆ ತಲುಪಿದ ಸಂದೇಶಗಳಿಗಿಂತ ಎರಡು ಸಾಲು ಜಾಸ್ತಿ ಕತ್ತರಿಸಿದೆ. ಆ ಎರಡು ಸಂದೇಶ ಯಾರಿಗೆ ಹೋಯಿತು?

ಇದರ ಜೊತೆಗೆ ರಕ್ಷಣೆಯ ಗುರುತು ಇರುತ್ತಿತ್ತು. ಸಂದೇಶದ ಗೊತ್ತಾದ ಜಾಗದಲ್ಲಿ ಬೇಕಂತಲೇ ಒಂದು ಅಕ್ಷರ ತಪ್ಪು ಮಾಡುವುದು. ಎರಡು ಬಗೆಯ ಗುರುತು. ಒಂದು, ಹಿಂಸೆ ಕೊಟ್ಟರೆ ಶತ್ರುವಿಗೆ ಹೇಳಿಬಿಡಬಹುದಾದದ್ದು. ಇನ್ನೊಂದು, ಸತ್ತರೂ ಹೇಳಬಾರದ ನಿಜವಾದ ಗುರುತು. ಅದು ಇಲ್ಲದಿದ್ದರೆ ಆಪರೇಟರ್ ಸೆರೆಯಲ್ಲಿದ್ದಾರೆ ಅಂತ ಲಂಡನ್ ತಿಳಿಯಬೇಕು.

1943ರ ಜೂನ್‌ನಲ್ಲಿ ಗಿಲ್ಬರ್ಟ್ ನಾರ್ಮನ್ ಅನ್ನುವ ಆಪರೇಟರ್ ಸೆರೆಯಾದರು. ಅವರ ಸೆಟ್ಟಿನಿಂದ ಬಂದ ಸಂದೇಶದಲ್ಲಿ ನಿಜವಾದ ಗುರುತು ಇರಲಿಲ್ಲ. ಲಂಡನ್‌ನಿಂದ ಏನು ಉತ್ತರ ಹೋಯಿತು ಗೊತ್ತಾ? ನೀವು ಎರಡನೇ ಗುರುತು ಹಾಕಲು ಮರೆತಿದ್ದೀರಿ, ಮುಂದೆ ಎಚ್ಚರದಿಂದಿರಿ ಅನ್ನುವ ಅರ್ಥದ ಮಾತು. ಅದನ್ನು ಓದುತ್ತಿದ್ದವರು ಜರ್ಮನ್ನರು. ಈ ಸಂಗತಿಯನ್ನು ಮೊದಲು ಓದಿದ ದಿನ ನನಗೆ ಊಟ ಸೇರಲಿಲ್ಲ.

ಪದ್ಯ, ಗುರುತು ಆದ ಮೇಲೆ ಮೂರನೆಯದು ಕೈ, ಅಂದರೆ ಒಬ್ಬೊಬ್ಬರು ಬಡಿಯುವ ಶೈಲಿ. ನನ್ನ ಅಪ್ಪ ತಂತಿ ಕಚೇರಿಯಲ್ಲಿ ದುಡಿದವರು. ಯಂತ್ರ ಟಕಟಕ ಅನ್ನಲು ಶುರುವಾದರೆ ಸಾಕು, ಆ ತುದಿಯಲ್ಲಿ ಕೂತವರು ಯಾರು ಅಂತ ಹೆಸರು ಹೇಳುತ್ತಿದ್ದರು. 'ಇವತ್ತು ಇವರಿಗೆ ಜ್ವರ ಇರಬೇಕು, ಗೆರೆ ಎಳೆಯುತ್ತಿದ್ದಾರೆ' ಅನ್ನುತ್ತಿದ್ದರು. ಚಿಕ್ಕವಳಾಗಿದ್ದಾಗ ನನಗೆ ಅದು ಮಾಯೆಯ ಹಾಗೆ ಕಾಣುತ್ತಿತ್ತು. ಎಸ್‌ಓಇ ಕೂಡ ಆಪರೇಟರ್‌ಗಳು ಹೊರಡುವ ಮುಂಚೆ ಅವರು ಬಡಿಯುವ ಶೈಲಿಯನ್ನು ದಾಖಲಿಸಿಟ್ಟುಕೊಳ್ಳುತ್ತಿತ್ತು. ಇಂಗ್ಲೆಂಡಿನಲ್ಲಿ ಕೂತು ದಿನಾ ಅದನ್ನು ಕೇಳುತ್ತಿದ್ದ ಹುಡುಗಿಯರಿಗೆ, ಒಮ್ಮೆಯೂ ಮುಖ ನೋಡದ ಆ ಆಪರೇಟರ್ ಗುರುತು ಸಿಗುತ್ತಿತ್ತು. ನನ್ನ ಮೂರನೇ ಪುಸ್ತಕದ ನಿಜವಾದ ಪತ್ತೇದಾರಿಣಿ ಅಂಥ ಒಬ್ಬಳು ಹತ್ತೊಂಬತ್ತರ ಹುಡುಗಿ. ಮಾತೆಲ್ಲ ಸರಿ ಇದೆ, ಕೈ ಮಾತ್ರ ಬೇರೆ ಅನ್ನುತ್ತಾಳೆ. ಯಾರೂ ಕಿವಿಗೊಡುವುದಿಲ್ಲ. ಅಪ್ಪ ಇದ್ದಿದ್ದರೆ ಅವಳ ಪರ ನಿಲ್ಲುತ್ತಿದ್ದರು.

ಸಣ್ಣ ತಪ್ಪುಗಳ ಪಟ್ಟಿ

ಒಂದು ಪುಟ್ಟ ನೋಟ್‌ಬುಕ್ ಬರೀ ಇದಕ್ಕಾಗಿ ಇಡಿ. ಫ್ರಾನ್ಸಿನಲ್ಲಿ ಹಾಲು ಸಿಗದ ಕಾಲದಲ್ಲಿ 'ಬ್ಲ್ಯಾಕ್ ಕಾಫಿ ಕೊಡಿ' ಅಂತ ಕೇಳುವವಳು ಹೊರಗಿನವಳು, ಏಕೆಂದರೆ ಬೇರೆ ಕಾಫಿಯೇ ಇಲ್ಲ. ತಂಬಾಕಿನ ರೇಷನ್ ಗಂಡಸರಿಗೆ ಮಾತ್ರ, ಹಾಗಾಗಿ ಬೀದಿಯಲ್ಲಿ ಸಿಗರೇಟು ಸೇದುವ ಹೆಂಗಸಿನ ಮೇಲೆ ಕಣ್ಣು ಬೀಳುತ್ತದೆ. ರಸ್ತೆ ದಾಟುವಾಗ ಮೊದಲು ಬಲಕ್ಕೆ ನೋಡುವುದು ಇಂಗ್ಲೆಂಡಿನ ಅಭ್ಯಾಸ. ಬಟ್ಟೆಯ ಹೊಲಿಗೆ, ಗುಂಡಿ ಹಚ್ಚುವ ರೀತಿ, ಹಲ್ಲಿಗೆ ತುಂಬಿದ ಲೋಹ ಕೂಡ ಬೇರೆ. ಇವನ್ನೆಲ್ಲ ಹೊರಡುವ ಮುಂಚೆ ಬದಲಿಸುತ್ತಿದ್ದರು.

ಈ ತಪ್ಪುಗಳನ್ನು ನಾಯಕಿಯ ಮೇಲಷ್ಟೇ ಬಳಸಬೇಡಿ. ಎದುರಿನವರ ಮೇಲೂ ಬಳಸಿ. ಹಳ್ಳಿಯ ದರ್ಜಿ ಅಂತ ಹೇಳಿಕೊಂಡವನ ಬೆರಳಲ್ಲಿ ಸೂಜಿಯ ಗುರುತಿಲ್ಲ. ಅದು ಅವಳ ಕಣ್ಣಿಗೆ ಬೀಳಲಿ. ಒಂದು ನಿಯಮ ಪಾಲಿಸಿ: ಸುಳಿವಾಗುವ ವಿಷಯವನ್ನು ಓದುಗರಿಗೆ ಮೊದಲೇ, ಬೇರೆ ಯಾವುದೋ ಸಂದರ್ಭದಲ್ಲಿ ಹೇಳಿಟ್ಟಿರಬೇಕು. ತಂಬಾಕಿನ ರೇಷನ್ ವಿಷಯ 20ನೇ ಪುಟದಲ್ಲಿ ಅಂಗಡಿಯ ಸಾಲಿನಲ್ಲಿ ಬಂದರೆ 180ನೇ ಪುಟದಲ್ಲಿ ಅದು ನ್ಯಾಯವಾದ ಸುಳಿವು. 180ರಲ್ಲೇ ಮೊದಲ ಸಲ ಹೇಳಿದರೆ ಅದು ಮೋಸ.

ಕನ್ನಡ ಕೊಡುವ ಅನುಕೂಲ, ಕೊಡುವ ಕಷ್ಟ

ಕಷ್ಟ ಮೊದಲು ಹೇಳುತ್ತೇನೆ. ನಮ್ಮ ಕ್ರಿಯಾಪದ ಗುಟ್ಟು ಇಟ್ಟುಕೊಳ್ಳುವುದಿಲ್ಲ. ಬಂದನು, ಬಂದಳು ಅಂದ ಕೂಡಲೇ ಗಂಡೋ ಹೆಣ್ಣೋ ಬಯಲು. ಮುಸುಕಿನ ದ್ರೋಹಿ ಹೆಂಗಸು ಅನ್ನುವುದೇ ನಿಮ್ಮ ಕೊನೆಯ ತಿರುವಾದರೆ ಏನು ಮಾಡುತ್ತೀರಿ? 'ಬಂದರು' ಅನ್ನಬಹುದು. ಆದರೆ ಮಿಕ್ಕವರಿಗೆಲ್ಲ 'ಬಂದ, ಹೋದ' ಅಂತ ಬರೆದು ಇವರೊಬ್ಬರಿಗೆ 'ಬಂದರು' ಅಂದರೆ ಕನ್ನಡದ ಓದುಗರಿಗೆ ತಕ್ಷಣ ವಾಸನೆ ಬಡಿಯುತ್ತದೆ. ನಾನು ಮಾಡಿದ್ದು ಹೀಗೆ. ಮೊದಲ ಪುಟದಿಂದಲೇ ಸಂಕೇತನಾಮ ಇರುವ ಎಲ್ಲರಿಗೂ ಬಹುವಚನ. ಮುಖ ನೋಡಿದವರಿಗೆ ಮಾತ್ರ ಏಕವಚನ. ಕಥೆ ಹೇಳುವ ನಾಯಕಿಗೆ ಅದು ಸಹಜವೂ ಹೌದು. ಗುರುತಿಲ್ಲದವರನ್ನು ನಾವು ಹಾಗೇ ಕರೆಯುತ್ತೇವೆ, ಅಲ್ವಾ? ಎರಡನೇ ಪುಸ್ತಕಕ್ಕಾಗಿ ಇಡೀ ಹಸ್ತಪ್ರತಿಯನ್ನು ಈ ಒಂದು ಕಾರಣಕ್ಕೆ ಮತ್ತೆ ಬರೆದೆ. ಒಂದು ಮಳೆಗಾಲ ಅದಕ್ಕೇ ಹೋಯಿತು. ಹೋದದ್ದಕ್ಕೆ ಬೇಜಾರಿಲ್ಲ.

ಅನುಕೂಲ ಅಂದರೆ ನೀನು, ನೀವು. ಇಂಗ್ಲಿಷಿನಲ್ಲಿ ಈ ಭೇದ ಇಲ್ಲ, ಫ್ರೆಂಚಿನಲ್ಲಿ ಇದೆ, ನಮ್ಮಲ್ಲೂ ಇದೆ. ಫ್ರಾನ್ಸಿನ ದೃಶ್ಯಗಳು ಕನ್ನಡದಲ್ಲಿ ಇಷ್ಟು ಚೆನ್ನಾಗಿ ಕೂರಲು ಇದೇ ಕಾರಣ ಅಂತ ನನಗೆ ಅನ್ನಿಸುತ್ತದೆ. ಗಂಡ ಹೆಂಡತಿ ಅಂತ ಸುಳ್ಳು ಕಾಗದ ಹಿಡಿದ ಇಬ್ಬರು ಭಯದಲ್ಲಿ 'ನೀವು' ಅಂದುಬಿಟ್ಟರೆ? ಒಬ್ಬರಿಗೊಬ್ಬರು ಗುರುತೇ ಇಲ್ಲ ಅಂದವರು ಜಗಳದ ಬಿಸಿಯಲ್ಲಿ 'ನೀನು' ಅಂದರೆ? ಇಂಥ ಸುಳಿವಿಗೆ ವಿವರಣೆಯೇ ಬೇಡ. ನಮ್ಮ ಓದುಗರ ಕಿವಿಗೆ ಅದು ನೇರ ತಾಗುತ್ತದೆ.

ಲಂಡನ್ನಿನ ದೃಶ್ಯಗಳಲ್ಲಿ ಮಾತ್ರ ನೀವೇ ತೀರ್ಮಾನ ಮಾಡಬೇಕು. ನನ್ನ ಪುಸ್ತಕಗಳಲ್ಲಿ ಮೇಲಧಿಕಾರಿ ಮತ್ತು ನಾಯಕಿ ಕೊನೆತನಕ ನೀವು, ನೀವು. ತರಬೇತಿಯಲ್ಲಿ ಜೊತೆಗಿದ್ದ ಹುಡುಗಿಯರು ಸ್ಕಾಟ್ಲೆಂಡಿನ ಮಳೆಯಲ್ಲಿ ನೆನೆದ ದಿನದಿಂದ ನೀನು.

ನಿಜವಾದ ಹೆಣ್ಣುಮಕ್ಕಳನ್ನು ಮುಟ್ಟುವಾಗ

ನೂರ್ ಇನಾಯತ್ ಖಾನ್ ಅವರ ಹೆಸರು ಕೇಳಿದರೆ ನಮಗೆ ಒಂದು ಬಗೆಯ ಹತ್ತಿರದ ಭಾವನೆ ಬರುತ್ತದೆ. ತಂದೆಯ ಕಡೆಯಿಂದ ಅವರು ಟಿಪ್ಪು ಸುಲ್ತಾನರ ವಂಶದವರು. ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಪಕ್ಕದಲ್ಲಿ, ಬರೆದದ್ದು ಮಕ್ಕಳ ಕಥೆ. ಪ್ಯಾರಿಸ್ಸಿಗೆ ಬಂದ ಒಂದೇ ವಾರಕ್ಕೆ ಸುತ್ತಲಿನ ಜಾಲ ಕುಸಿಯಿತು. ವಾಪಸ್ ಬನ್ನಿ ಅಂದರೂ ಉಳಿದರು. ಅಕ್ಟೋಬರ್‌ನಲ್ಲಿ ಸೆರೆಯಾದರು. 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಾಖಾವ್ ಸೆರೆಶಿಬಿರದಲ್ಲಿ ಅವರನ್ನೂ ಇನ್ನೂ ಮೂವರು ಹೆಣ್ಣುಮಕ್ಕಳನ್ನೂ ಕೊಂದರು.

ಅವರನ್ನೇ ನಾಯಕಿ ಮಾಡಿ ಕೊಲೆಯೊಂದನ್ನು ಬಿಡಿಸಲು ಹಚ್ಚಬೇಡಿ. ಇದು ನನ್ನ ಗಟ್ಟಿ ನಿಲುವು. ಅವರು ಪಟ್ಟ ಪಾಡು ನಮ್ಮ ಕಥೆಯ ತಿರುವಿಗೆ ಸಾಮಾನಾಗಬಾರದು. ನಿಜದವರು ದೂರದಲ್ಲಿ ಹಾದುಹೋಗಲಿ, ಅವರು ಇದ್ದ ತಾರೀಕಿಗೆ, ಇದ್ದ ಜಾಗಕ್ಕೆ ಸರಿಯಾಗಿ. ಅವರ ಬಾಯಿಗೆ ಹೊಸ ಮಾತು ತುರುಕಬೇಡಿ. ಅವರಿಂದ ಕಲಿಯಬೇಕಾದದ್ದು ಮನುಷ್ಯರ ಸ್ವಭಾವ. ಲಿಲಿ ಸೆರ್ಗೆಯೇವ್ ಅನ್ನುವ ಇಬ್ಬಗೆಯ ಗೂಢಚಾರಿಣಿ ಇದ್ದರು. ಜರ್ಮನ್ನರ ಕಡೆಯವರ ಹಾಗೆ ತೋರಿಸಿಕೊಂಡು ಬ್ರಿಟಿಷರಿಗೆ ದುಡಿಯುತ್ತಿದ್ದರು, ಬ್ರಿಟಿಷರು ಇಟ್ಟ ಸಂಕೇತನಾಮ 'ಟ್ರೆಷರ್'. ಜಿಬ್ರಾಲ್ಟರ್‌ನಲ್ಲಿ ಬಿಟ್ಟುಬಂದ ತನ್ನ ನಾಯಿ ಸತ್ತಿತು ಅನ್ನುವ ಸಿಟ್ಟಿಗೆ, ಜರ್ಮನ್ನರಿಗೆ ಎಚ್ಚರಿಕೆ ಕೊಡಬಲ್ಲ ಗುರುತೊಂದನ್ನು ಯಾರಿಗೂ ಹೇಳದೆ ಇಟ್ಟುಕೊಂಡರು. ಬ್ರಿಟಿಷ್, ಅಮೆರಿಕನ್ ಸೈನ್ಯ ಫ್ರಾನ್ಸಿನ ನಾರ್ಮಂಡಿ ದಡಕ್ಕೆ ಇಳಿಯುವ ದಾಳಿಯ ಗುಟ್ಟೇ ಅಪಾಯದಲ್ಲಿತ್ತು. ಒಂದು ನಾಯಿಯ ಸಾವು ಒಂದು ಸೈನ್ಯವನ್ನು ಅಲುಗಿಸಬಹುದು ಅನ್ನುವುದನ್ನು ನಾನು ಕಲ್ಪಿಸಿ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ಓದಲು ಬೇಕಾದದ್ದು ಬಹಳ ಇದೆ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಎಚ್‌ಎಸ್ 9 ಅನ್ನುವ ಸಾಲಿನಲ್ಲಿ ಏಜೆಂಟರ ಕಡತಗಳಿವೆ. ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿ ಬದುಕಿ ಬಂದವರ ಧ್ವನಿಮುದ್ರಿತ ಸಂದರ್ಶನಗಳಿವೆ. ಕಡತಕ್ಕಿಂತ ಧ್ವನಿ ಮೊದಲು ಕೇಳಿ. ಎಲ್ಲಿ ಉಸಿರು ನಿಲ್ಲಿಸುತ್ತಾರೆ ಅನ್ನುವುದು ಕಾಗದದಲ್ಲಿ ಸಿಗುವುದಿಲ್ಲ.

ಸರಣಿ ಅಂದರೆ ಅವಳು ಹೊರುವ ಭಾರ

ಪ್ರತಿ ಪುಸ್ತಕಕ್ಕೆ ಒಂದು ಹೊಸ ಕೊಲೆ ಇಟ್ಟ ಮಾತ್ರಕ್ಕೆ ಸರಣಿ ಆಗುವುದಿಲ್ಲ. ಮೊದಲ ಪುಸ್ತಕದಲ್ಲಿ ತಿಳಿದ ಗುಟ್ಟನ್ನು ಅವಳು ಎರಡನೆಯದರಲ್ಲಿ ಯಾರಿಗೂ ಹೇಳುವಂತಿಲ್ಲ. ಮನೆಯವರ ಹತ್ತಿರವೂ ಇಲ್ಲ. ಅಮ್ಮನಿಗೆ ಗೊತ್ತಿರುವುದು ಮಗಳು ಫ್ಯಾನಿ ಅನ್ನುವ ಮಹಿಳಾ ದಳದ ಸಮವಸ್ತ್ರದಲ್ಲಿ ಎಲ್ಲೋ ಗಾಡಿ ಓಡಿಸುತ್ತಾಳೆ ಅಂತ. ಮಗಳು ಕ್ಷೇಮ ಅನ್ನುವ ಎರಡು ಸಾಲಿನ ಕಾಗದ ಕಚೇರಿಯಿಂದ ಆಗಾಗ ಬರುತ್ತದೆ. ಮಗಳು ಸೆರೆಯಾದ ಮೇಲೂ ಅಂಥ ಕಾಗದ ಬಂದ ಮನೆಗಳಿದ್ದವು.

ಒಂದು ಪುಸ್ತಕಕ್ಕೆ ಒಂದು ಋತು ಸಾಕು. ಆರು ವರ್ಷ ಯುದ್ಧ ಇದೆ, ಅವಸರ ಬೇಡ. ಪ್ರತಿ ಪುಸ್ತಕದಲ್ಲೂ ಅವಳ ಒಂದು ಅಭ್ಯಾಸ ಬದಲಾಗಲಿ. ನನ್ನವಳು ಮೊದಲ ಪುಸ್ತಕದಲ್ಲಿ ಬೆನ್ನು ಬಾಗಿಲಿಗೆ ಹಾಕಿ ಕೂರುತ್ತಾಳೆ, ನಾಲ್ಕನೆಯದರಲ್ಲಿ ಕೂರಲಾರಳು. ಎಲ್ಲೂ ಅದನ್ನು ವಿವರಿಸಿಲ್ಲ. ಗಮನಿಸಿ ಬರೆದ ಓದುಗರಿದ್ದಾರೆ.

ಕೊನೆಯ ಪುಸ್ತಕವನ್ನು ಯುದ್ಧ ಮುಗಿದ ಮೇಲೆ ಇಡಿ ಅನ್ನುವುದು ನನ್ನ ಸಲಹೆ. ಯುದ್ಧ ಮುಗಿದಾಗ ಫ್ರಾನ್ಸ್ ವಿಭಾಗದ 118 ಜನರ ಸುಳಿವಿರಲಿಲ್ಲ. ವೀರಾ ಆಟ್ಕಿನ್ಸ್ ಜರ್ಮನಿಗೆ ಹೋಗಿ, ಶಿಬಿರಗಳ ಕಾವಲುಗಾರರನ್ನು, ಜೈಲಿನವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ 117 ಜನರಿಗೆ ಏನಾಯಿತು ಅಂತ ಪತ್ತೆ ಮಾಡಿದರು. ಅವರಿಗೂ ಒಂದು ಕಡೆ ತಪ್ಪಿತು. 1944ರ ಜುಲೈ 6ರಂದು ನಾಟ್ಸ್‌ವೈಲರ್ ಶಿಬಿರದಲ್ಲಿ ಕೊಂದ ನಾಲ್ವರಲ್ಲಿ ನೂರ್ ಒಬ್ಬರು ಅಂತ ಮೊದಲು ತಿಳಿದರು. ಸಾಕ್ಷಿಗಳು ಹೇಳಿದ ಚಹರೆ ಹೊಂದುತ್ತಿತ್ತು. ಅಲ್ಲಿ ಸತ್ತವರು ಸೋನಿಯಾ ಓಲ್ಶಾನೆಜ್ಕಿ ಅನ್ನುವ ಬೇರೆಯ ಹೆಣ್ಣುಮಗಳು, ಫ್ರಾನ್ಸಿನಲ್ಲೇ ಕೆಲಸಕ್ಕೆ ಸೇರಿದವರು. ಹಾಗಾಗಿ ಲಂಡನ್ನಿನ ಪಟ್ಟಿಯಲ್ಲಿ ಅವರನ್ನು ಹುಡುಕುವವರೇ ಇರಲಿಲ್ಲ.

ನನ್ನ ಐದನೇ ಪುಸ್ತಕ ಇದರ ಸುತ್ತಲೇ ಬೆಳೆಯುತ್ತಿದೆ. ನಾಯಕಿ ಇಲ್ಲಿ ಹುಡುಕುವುದು ಕೊಲೆಗಾರರನ್ನಲ್ಲ, ಅವರು ಆಗಲೇ ಸೆರೆಯಲ್ಲಿದ್ದಾರೆ. ಒಂದು ಹೆಸರನ್ನು ಹುಡುಕುತ್ತಾಳೆ. ಪಟ್ಟಿಯಲ್ಲಿ ಇಲ್ಲದ ಒಬ್ಬಳ ಹೆಸರು. ಬರವಣಿಗೆ ನಿಧಾನ. ದಿನಕ್ಕೆ ಒಂದು ಪುಟ ಆದರೆ ಹೆಚ್ಚು.

ಇವತ್ತೇ ಶುರು ಮಾಡುವುದಾದರೆ

ಮೊದಲ ಅಭ್ಯಾಸಕ್ಕೆ ಒಂದೇ ದೃಶ್ಯ ಬರೆಯಿರಿ. ಹೊರಡುವ ರಾತ್ರಿ, ವಿಮಾನ ನಿಲ್ದಾಣದ ಪಕ್ಕದ ಒಂದು ಕೋಣೆ. ನಾಯಕಿ ಕೋಟು ಹಾಕಿಕೊಂಡು ನಿಂತಿದ್ದಾಳೆ. ಇನ್ನೊಬ್ಬ ಹೆಂಗಸು ಅವಳ ಜೇಬುಗಳನ್ನು ಒಂದೊಂದಾಗಿ ತಡಕುತ್ತಾರೆ. ವೀರಾ ಆಟ್ಕಿನ್ಸ್ ಈ ಕೆಲಸವನ್ನು ತಾವೇ ಮಾಡುತ್ತಿದ್ದರು. ಇಂಗ್ಲಿಷ್ ಸಿಗರೇಟು, ಲಾಂಡ್ರಿ ಗುರುತು, ಏನೂ ಉಳಿಯಬಾರದು. ಇಬ್ಬರೂ ಸಹಜವಾಗಿ ಮಾತಾಡುತ್ತಿದ್ದಾರೆ, ಹವೆಯ ಬಗ್ಗೆಯೋ, ಕಾಲುಚೀಲದ ಬಗ್ಗೆಯೋ. ಎಡಗಡೆ ಜೇಬಿನ ಹೊಲಿಗೆ ಬಿಟ್ಟ ಮೂಲೆಯಲ್ಲಿ ಲಂಡನ್ನಿನ ಒಂದು ಬಸ್ ಟಿಕೆಟ್ ಸಿಗುತ್ತದೆ. ಆ ದಿನ ಅವಳು ಆ ಬಸ್ಸು ಹತ್ತಿರಲೇ ಇಲ್ಲ.

ಬರೆಯಲು ಕೂರುವ ಮುಂಚೆ ಕ್ಯಾಲೆಂಡರ್ ಹಾಳೆ ತೆಗೆದು, ಅದು ಯಾವ ದಿನದ್ದು ಅಂತ ಗುರುತು ಹಾಕಿಕೊಳ್ಳಿ. ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ ಅನ್ನುವುದನ್ನೂ ಪಕ್ಕದಲ್ಲಿ ಬರೆದಿಡಿ.